ಕಾಲಿನ ಗಾಯ: ಶುಗರ್ ಇರುವವರು ತಪ್ಪದೆ ಓದಿ

ಎಲ್ಲರಿಗೂ ನಮಸ್ಕಾರ. ಗಾಯಕ್ಕೆ ಕಾಫಿಪುಡಿ, ಅರಿಶಿನ ಮೆತ್ತಿ ಅನ್ನುವ ಮೆಸೇಜನ್ನು ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಪುಡಿಯ ಜೊತೆ ಕೊಳೆಯೂ ಒಳಗೇ ಉಳಿಯುತ್ತದೆ. ಹರಿಯುವ ಶುದ್ಧ ನೀರಿನಲ್ಲಿ ತೊಳೆದು, ಅಂಟದಂಥ ಡ್ರೆಸಿಂಗ್ ಹಾಕಿ, ಸಾಕು. ಡೆಟಾಲ್ ಅನ್ನು ನೀರು ಬೆರೆಸದೆ ಸುರಿಯುವುದೂ ಬೇಡ. ಗಾಳಿಗೆ ಬಿಟ್ಟರೆ ಬೇಗ ಒಣಗುತ್ತೆ ಅಂತಾರೆ ಅಲ್ವಾ, ನಿಜವಾಗಿ ಸ್ವಲ್ಪ ತೇವ ಇದ್ದು ಮುಚ್ಚಿದ್ದರೇ ಬೇಗ ಮಾಯುತ್ತದೆ.

ಶುಗರ್ ಜಾಸ್ತಿ ಇದ್ದಾಗ ಸೋಂಕಿನ ಮೇಲೆ ಹೋರಾಡುವ ಬಿಳಿ ರಕ್ತಕಣಗಳು ಸರಿಯಾಗಿ ಕೆಲಸ ಮಾಡುವುದಿಲ್ಲ, ಪಾದಕ್ಕೆ ರಕ್ತ ಕಮ್ಮಿ ಹೋಗುತ್ತದೆ, ನರಗಳಿಗೆ ಸ್ಪರ್ಶವೇ ತಿಳಿಯದೆ ಚಪ್ಪಲಿ ಕಚ್ಚಿದ್ದೂ ಗೊತ್ತಾಗುವುದಿಲ್ಲ. ನೋವಿಲ್ಲ ಅಂತ ಸುಮ್ನೆ ಕೂರಬೇಡಿ, ನೋವಿಲ್ಲದ ಗಾಯವೇ ಅಪಾಯ. ದಿನಾ ರಾತ್ರಿ ಅಂಗಾಲು, ಬೆರಳ ಸಂದು ನೋಡಿಕೊಳ್ಳಿ, ಬಗ್ಗಲು ಆಗದಿದ್ದರೆ ಕನ್ನಡಿ ಇಟ್ಟುಕೊಳ್ಳಿ. ಅಂಗಾಲಿನ ಗಾಯದ ಮೇಲೆ ಭಾರ ಹಾಕಿ ಓಡಾಡುತ್ತಿದ್ದರೆ ಯಾವ ಮುಲಾಮೂ ಕೆಲಸ ಮಾಡದು.

ಬೀಡಿ ಸಿಗರೇಟು ರಕ್ತನಾಳ ಕಿರಿದಾಗಿಸುತ್ತದೆ, ಬಿಡಿ.

ಇನ್ನು ಪಥ್ಯ. ಬೇಳೆ, ಮೊಟ್ಟೆ ತಿಂದರೆ ನಂಜಾಗುತ್ತೆ ಅಂತ ಅಜ್ಜಿಯಂದಿರು ಬರೀ ಗಂಜಿ ಕೊಡುತ್ತಾರೆ. ಹೊಸ ಚರ್ಮ ಬೆಳೆಯಲು ಪ್ರೋಟೀನ್ ಬೇಕೇ ಬೇಕು, ಹಾಗಾಗಿ ಧಾರಾಳವಾಗಿ ತಿನ್ನಿ. ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳಿ.

ಕೀವು, ವಾಸನೆ, ಕಪ್ಪಾಗುವುದು, ಸುತ್ತ ಕೆಂಪು ಹರಡುವುದು, ಜ್ವರ, ಇವುಗಳಲ್ಲಿ ಒಂದು ಕಂಡರೂ ಅವತ್ತೇ ಆಸ್ಪತ್ರೆಗೆ ಹೋಗಿ. ಮಣ್ಣು, ಮೊಳೆಯ ಗಾಯವಾದರೆ ಟಿಟಿ ಇಂಜೆಕ್ಷನ್ ಬೇಕಾ ಅಂತಲೂ ಅಲ್ಲೇ ವಿಚಾರಿಸಿ.