ಮಿರಾಮಾರ್‌ನಲ್ಲಿ ಅಮ್ಮನ ಕೈ ಹಿಡಿದವರಿಗೆ

ಪಣಜಿಯ ಬಸ್ಸಿನಲ್ಲಿ ಸಿಕ್ಕ ಅಕ್ಕ, ನಿಮ್ಮ ಹೆಸರು ಕೇಳುವಷ್ಟರಲ್ಲಿ ನೀವು ಹೊರಟುಹೋಗಿದ್ದಿರಿ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮಿರಾಮಾರ್ ಕಡಲತೀರದ ಹತ್ತಿರ ಹಿಂದೂ–ಕ್ರೈಸ್ತ ಐಕ್ಯದ ಶಿಲ್ಪವಿದೆ. ಅದನ್ನು ನೋಡಬೇಕೆಂಬುದು ಅಮ್ಮನ ಆಸೆ. ಮಂಡಿನೋವು ಜಾಸ್ತಿ, ಬಸ್ಸಿನ ಮೆಟ್ಟಿಲು ಎತ್ತರ. ನೀವು ಮೊದಲು ಇಳಿದು, ಅಮ್ಮನ ಅಂಗೈಯನ್ನು ನಿಮ್ಮ ಹೆಗಲ ಮೇಲೆ ಇಟ್ಟುಕೊಂಡು, ಒಂದೊಂದೇ ಕಾಲು ಕೆಳಗಿಡಿಸಿದಿರಿ. ಆಮೇಲೆ ಶಿಲ್ಪದವರೆಗೂ ಜೊತೆಗೇ ಬಂದಿರಿ. ನಿಮ್ಮ ಕತ್ತಿನಲ್ಲಿ ಶಿಲುಬೆ, ಅಮ್ಮನ ಹಣೆಯಲ್ಲಿ ಕುಂಕುಮ. ನಿಮ್ಮದು ಕೊಂಕಣಿ, ಅಮ್ಮನದು ಕನ್ನಡ. ಮಾತು ಮಾತ್ರ ನಿಲ್ಲಲೇ ಇಲ್ಲ!

ಗೋವಾದ ಮೊದಲ ಮುಖ್ಯಮಂತ್ರಿ ದಯಾನಂದ ಬಾಂದೋಡ್ಕರ್ ಅವರ ಸಮಾಧಿಯನ್ನೂ ತೋರಿಸಿದಿರಿ. ಮಾಂಡೋವಿ ಕಡಲು ಸೇರುವುದು ಇಲ್ಲೇ ಎಂದು ಕೈ ಚಾಚಿ ಹೇಳಿದಾಗ ಅಮ್ಮನ ಮುಖ ನೋಡಬೇಕಿತ್ತು. ಅವರ ತವರು ಖಾನಾಪುರ. ಆ ತಾಲ್ಲೂಕಿನ ಕಾಡಿನಲ್ಲಿ ಮಹದಾಯಿಯಾಗಿ ಹುಟ್ಟುವ ನದಿಯೇ ಅಲ್ವಾ ಅದು! ತಮ್ಮೂರ ನೀರು ಸಮುದ್ರ ಸೇರುವುದನ್ನು ಅಮ್ಮ ನೋಡಿದ್ದು ಅದೇ ಮೊದಲು.

ಬಿಸಿಲಲ್ಲಿ ನಿಮ್ಮ ಕೆಲಸ ಬಿಟ್ಟು ನಿಂತಿರಿ. ಸುಮ್ನೆ ಯಾರು ಹೀಗೆ ಮಾಡುತ್ತಾರೆ? ತುಂಬಾ ಧನ್ಯವಾದ ಅಕ್ಕ. ಖಾನಾಪುರದ ಕಡೆ ಬಂದರೆ ನಮ್ಮ ಮನೆಯಲ್ಲೇ ಊಟ, ಇದು ಅಮ್ಮನ ಅಪ್ಪಣೆ.