ಒಣದ್ರಾಕ್ಷಿ ಶೆಡ್ಡಿಗೆ ಗಾಳಿಯ ಸುದ್ದಿ ಬೇಕು

ಮಾನ್ಯ ಸಂಪಾದಕರೇ,

‘ಉತ್ತರ ಒಳನಾಡಿನ ಕೆಲವೆಡೆ ಗುಡುಗು ಸಹಿತ ಮಳೆ ಸಾಧ್ಯತೆ.’ ಮಾರ್ಚ್, ಏಪ್ರಿಲ್‌ನಲ್ಲಿ ಪತ್ರಿಕೆ ಬಿಚ್ಚಿದ ಕೂಡಲೇ ನಾನು ಹುಡುಕುವುದು ಈ ಸಾಲನ್ನು. ಆಗ ನಮ್ಮ ತಿಕೋಟಾ ಭಾಗದ ವರ್ಷದ ದುಡಿಮೆಯೆಲ್ಲ ಶೆಡ್ಡಿನ ಬಲೆಗಳ ಮೇಲೆ ಹರವಿರುತ್ತದೆ. ಕೊಯ್ದ ದ್ರಾಕ್ಷಿಯನ್ನು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ, ಎರಡು ವಾರ ನೆರಳಲ್ಲಿ ಒಣಗಿಸುತ್ತೇವೆ. ಸುಮಾರು 4 ಕಿಲೊ ಹಣ್ಣು ಒಣಗಿದರೆ 1 ಕಿಲೊ ಮಾಲು. ಶೆಡ್ಡಿಗೆ ಮೇಲೆ ತಗಡಿದೆ, ಪಕ್ಕಕ್ಕೆ ಗೋಡೆಯಿಲ್ಲ. ಗಾಳಿಯಾಡದಿದ್ದರೆ ಹಣ್ಣು ಒಣಗದು.

ಹೋದ ವರ್ಷ ಏಪ್ರಿಲ್‌ನ ಒಂದು ಸಂಜೆ, ಮಾಲು ಹಾಕಿ ಹತ್ತನೇ ದಿನ. ದೂಳೆದ್ದದ್ದು ಕಂಡು ನಾನೂ ಕೆಲಸದ ಇಬ್ಬರು ಹೆಣ್ಣುಮಕ್ಕಳೂ ಓಡಿದೆವು. ತಾಡಪತ್ರಿ ಇಳಿಸುವಷ್ಟರಲ್ಲಿ ಗಾಳಿಗೆ ಹಗ್ಗವೇ ಕಿತ್ತಿತು. ಮಳೆ ಬಿದ್ದದ್ದು ಕಾಲು ಗಂಟೆ, ಅಂಗಳ ಕೂಡ ಸರಿಯಾಗಿ ತೋಯಲಿಲ್ಲ. ಆದರೆ ಅಡ್ಡ ಹೊಡೆದ ಇರಚಲು ಮೂರು ಸಾಲು ನೆನೆಸಿಬಿಟ್ಟಿತು. ಹೊನ್ನಿನ ಬಣ್ಣಕ್ಕೆ ತಿರುಗಿದ್ದ ದ್ರಾಕ್ಷಿ ನಾಲ್ಕು ದಿನದಲ್ಲಿ ಕಪ್ಪಾಯಿತು. ವ್ಯಾಪಾರಿ ಅರ್ಧ ದರ ಕೊಟ್ಟರು.

ಹವಾಮಾನ ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 64.5 ಮಿ.ಮೀ. ದಾಟಿದರೆ ಭಾರಿ ಮಳೆ. ನಮ್ಮನ್ನು ಕೆಡಿಸಲು 5 ಮಿ.ಮೀ. ಸಾಕು, ಜೊತೆಗೆ ಗಾಳಿಯಿದ್ದರೆ. ಮುಂಗಾರಿಗೆ ಮುಂಚೆ ಬೀಳುವ ಈ ಅಡ್ಡಮಳೆಯ ಸ್ವಭಾವವೇ ಹಾಗೆ. ಹಗಲೆಲ್ಲ ನೆಲ ಕಾಯುತ್ತದೆ, ಸಮುದ್ರದ ಕಡೆಯಿಂದ ಬಂದ ತೇವ ಮೇಲೇರುತ್ತದೆ, ಮಧ್ಯಾಹ್ನ ಕಳೆದ ಮೇಲೆ ಮೋಡ ಕಟ್ಟುತ್ತದೆ. ಒಂದು ಊರಿಗೆ ಸುರಿದು ಪಕ್ಕದ ಊರನ್ನು ಬಿಟ್ಟು ಹೋಗುತ್ತದೆ. ಮಾರ್ಚ್‌ನಿಂದ ಮೇವರೆಗಿನ ಮುನ್ನೋಟ ಇದನ್ನು ಹೇಳಲಾರದು, ಹೇಳಲಿ ಎಂದು ನಾನು ಕೇಳುವುದೂ ಇಲ್ಲ. ಆದರೆ ಮುಂದಿನ ಮೂರು ಗಂಟೆಗೆ ಗಾಳಿಯ ವೇಗ ಸಮೇತ ಇಲಾಖೆ ಎಚ್ಚರಿಕೆ ಕೊಡುತ್ತದಲ್ಲ, ಅದು ಶೆಡ್ಡಿಗೆ ಮುಟ್ಟುತ್ತಿಲ್ಲ. ಕೈತುಂಬ ಎಣ್ಣೆ ಮೆತ್ತಿಕೊಂಡು ಹಣ್ಣು ಅದ್ದುವವರು ಮೊಬೈಲ್ ನೋಡುತ್ತ ಕೂರುವುದು ಹೇಗೆ?

ಬೆಳಿಗ್ಗೆ ಕಸದ ಗಾಡಿಯ ಮೈಕು ಊರೆಲ್ಲ ಕೂಗುತ್ತದೆ. ಈ ಎರಡು ತಿಂಗಳು ಎಚ್ಚರಿಕೆ ಬಂದ ದಿನ ಅದೇ ಗಾಡಿ ಮಧ್ಯಾಹ್ನವೂ ತೋಟದ ವಸ್ತಿಗಳವರೆಗೆ ಬಂದು ಕೂಗಲಿ ಎಂದು ಪಂಚಾಯಿತಿಗಳನ್ನು ಬೇಡುತ್ತೇನೆ. ತಾವೂ ಹವಾಮಾನದ ಅಂಕಣದಲ್ಲಿ ಜಿಲ್ಲೆವಾರು ಗಾಳಿಯ ವೇಗ, ತೇವಾಂಶ ಹಾಕಿ.

ಮಳೆ ಬೇಡವೆಂದಲ್ಲ. ಏಪ್ರಿಲ್ ಚಾಟ್ನಿ ಮಾಡಿದ, ಅಂದರೆ ಕೊಂಬೆ ಕತ್ತರಿಸಿದ ಬಳ್ಳಿಗೂ ಬತ್ತಿದ ಕೊಳವೆಬಾವಿಗೂ ಅದೇ ಆಸರೆ. ತಾಡಪತ್ರಿ ಇಳಿಸಿ ಬಿಗಿಯಲು ನಮಗೆ ನಲವತ್ತು ನಿಮಿಷ ಬೇಕು, ಅಷ್ಟೇ.

– ದ್ರಾಕ್ಷಿ ಬೆಳೆಗಾರ್ತಿ, ತಿಕೋಟಾ ತಾಲ್ಲೂಕು, ವಿಜಯಪುರ ಜಿಲ್ಲೆ