ಕಡಲ ಮೀನು ಸಾಕಿದವರಿಗೆ ಬೇಸಿಗೆಯ ಸೂಚನೆ

ಗೆಳೆಯರೇ, ಕಲಬುರಗಿಯ ಬಿಸಿಲು 40 ಡಿಗ್ರಿ ದಾಟಿದೆ. ಉಪ್ಪುನೀರಿನ ತೊಟ್ಟಿ ಇಟ್ಟವರು ದಯವಿಟ್ಟು ಇದನ್ನು ಓದಿ.

ನೀರು ಆವಿಯಾಗುತ್ತದೆ, ಉಪ್ಪು ಎಲ್ಲಿಗೂ ಹೋಗುವುದಿಲ್ಲ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣ ಇರುತ್ತದೆ. ನೂರು ಲೀಟರ್ ತೊಟ್ಟಿಯಲ್ಲಿ ಹತ್ತು ಲೀಟರ್ ಆರಿಹೋದರೆ ಅದು 39ರ ಹತ್ತಿರ ಬರುತ್ತದೆ. ಹಾಗಾಗಿ ಕಡಿಮೆಯಾದಷ್ಟು ಸಿಹಿ ಆರ್‌ಒ ನೀರನ್ನೇ ತುಂಬಿ. ಹೋದ ವರ್ಷ ನಾನು ಜಾಣತನ ಮಾಡಿ ಉಪ್ಪುನೀರನ್ನೇ ಸುರಿದೆ. ಪಾಪ, ಕ್ಲೌನ್ ಮೀನು ಎರಡು ದಿನ ಮೂಲೆ ಬಿಟ್ಟು ಬರಲಿಲ್ಲ.

ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ, ಮೀನಿಗೆ ಬೇಕಾಗುವುದು ಮಾತ್ರ ಹೆಚ್ಚು. ಮೀನು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಅದು ಹಸಿವಲ್ಲ, ಉಸಿರುಗಟ್ಟುವಿಕೆ. ಕಾಳು ಹಾಕಬೇಡಿ, ಗಾಳಿ ಪಂಪ್ ಜೋರು ಮಾಡಿ. ಕರೆಂಟ್ ಹೋದರೆ ಮುಚ್ಚಳ ಬಿಗಿದ ಮಂಜುಗಡ್ಡೆಯ ಬಾಟಲಿ ತೇಲಿಬಿಡಿ, ಆದರೆ ಒಂದೊಂದೇ. ನೀರು ಥಟ್ಟನೆ ತಣ್ಣಗಾಗುವುದೂ ಕೆಟ್ಟದ್ದು.

ಹವಳ ಇಟ್ಟವರು ಬಣ್ಣ ಗಮನಿಸಿ. ಬಿಸಿ ತಾಳದೆ ಅದು ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. 1998, 2010, 2016ರಲ್ಲಿ ಲಕ್ಷದ್ವೀಪದ ಹವಳಗಳಿಗೆ ಆದದ್ದೂ ಇದೇ.

ಉಪ್ಪಿನಂಶ ಅಳೆಯುವ ಉಪಕರಣ ನನ್ನ ಬಳಿ ಇದೆ. ಭಾನುವಾರ ಸಣ್ಣ ಬಾಟಲಿಯಲ್ಲಿ ನೀರು ತನ್ನಿ.